‘ಲಸ್ಟ್’ ಎಂಬ ಪದದ ಮೂಲವೂ ಅರ್ಥವೂ

ಇಂಗ್ಲಿಷ್ ಸತ್ಯವೇದವನ್ನೂ ಇಂಗ್ಲಿಷ್ ವ್ಯಾಖ್ಯಾನಗಳನ್ನೂ ಬಳಸಿ ಪ್ರಸಂಗ ಸಿದ್ಧಪಡಿಸುವ ನಮ್ಮ ಸಭಾಪಾಲಕರಿಗೂ ವೇದಶಾಸ್ತ್ರದ ವಿದ್ಯಾರ್ಥಿಗಳಿಗೂ ಪದೇ ಪದೇ ಎದುರಾಗುವ ಪದಗಳಲ್ಲಿ ‘ಲಸ್ಟ್’ ಒಂದು. ಅದರ ಅರ್ಥವನ್ನು ವಿಚಾರಿಸುವ ಅಗತ್ಯವೇ ಇಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಲಸ್ಟ್ ಎಂದರೆ ಕಾಮ. ಅದೂ ಹದ್ದುಮೀರಿದ, ದೇಹಸುಖವನ್ನಷ್ಟೇ ಅರಸುವ ಕಾಮ. ಇಂದಿನ ಇಂಗ್ಲಿಷ್ ಮಾತನಾಡುವವರು ಈ ಪದವನ್ನು ಬಹುಮಟ್ಟಿಗೆ ಇದೇ ಅರ್ಥದಲ್ಲಿ ಕೇಳುತ್ತಾರೆ. ‘ಅಧಿಕಾರದ ಲಸ್ಟ್’ ಎಂದು ಹೇಳುವಾಗಲೂ ಅದೊಂದು ರೂಪಕವೆಂದೂ ಕಾಮವನ್ನು ಅಧಿಕಾರಕ್ಕೆ ಹೋಲಿಸಲಾಗಿದೆಯೆಂದೂ ಅವರಿಗೆ ಅನಿಸುತ್ತದೆ.

ಆದರೆ 1611ರಲ್ಲಿ ಪ್ರಕಟವಾದ ಕಿಂಗ್ ಜೇಮ್ಸ್ ಭಾಷಾಂತರವನ್ನು ಈ ಅರ್ಥವನ್ನೇ ಹಿಡಿದು ಓದುತ್ತ ಹೋದರೆ ಕೆಲವು ಕಡೆ ನಾವು ಮುಗ್ಗರಿಸುತ್ತೇವೆ. ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ 17ನೆಯ ವಾಕ್ಯವನ್ನು ನೋಡಿರಿ. ಶರೀರಭಾವವು ಆತ್ಮನಿಗೆ ವಿರುದ್ಧವಾಗಿ ‘ಲಸ್ಟ್’ ಮಾಡುತ್ತದೆ ಎಂದು ಆ ಭಾಷಾಂತರದಲ್ಲಿದೆ. ವಾಕ್ಯ ಅಲ್ಲಿಗೇ ಮುಗಿದಿದ್ದರೆ ನಮಗೇನೂ ಕಷ್ಟವಿರಲಿಲ್ಲ. ಮುಂದುವರಿದು ಅದೇ ಕ್ರಿಯಾಪದದ ಬಲದಿಂದ ಆತ್ಮನೂ ಶರೀರಭಾವಕ್ಕೆ ವಿರುದ್ಧವಾಗಿ ಹಾಗೆಯೇ ಮಾಡುತ್ತಾನೆ ಎಂಬ ಅರ್ಥ ಹೊರಡುತ್ತದೆ. ದೇವರಾತ್ಮನು ‘ಲಸ್ಟ್’ ಮಾಡುವನೇ? ಇಂದಿನ ಅರ್ಥದಲ್ಲಿ ಇದು ದೇವದೂಷಣೆಯೇ ಸರಿ. 1611ರ ಭಾಷಾಂತರಕಾರರು ದೇವದೂಷಕರಾಗಿರಲಿಲ್ಲ. ತಮ್ಮ ಭಾಷೆಯನ್ನು ಅರಿಯದವರೂ ಆಗಿರಲಿಲ್ಲ. ಅವರ ಕಿವಿಗೆ ಆ ಪದ ಬೇರೆ ರೀತಿಯಲ್ಲಿ ಕೇಳಿಸುತ್ತಿತ್ತು.

ಪದದ ವಂಶವೃಕ್ಷವನ್ನು ಸ್ವಲ್ಪ ಹತ್ತಿ ನೋಡೋಣ. ‘ಲಸ್ಟ್’ ಹಳೆಯ ಇಂಗ್ಲಿಷಿನಷ್ಟೇ ಹಳೆಯ ಪದ. ಅಲ್ಲಿ ಅದಕ್ಕೆ ಬಯಕೆ, ಒಲವು, ಹಸಿವು, ಸಂತೋಷ ಎಂಬ ಅರ್ಥಗಳಿದ್ದವು. ಒಳ್ಳೆಯದಕ್ಕೂ ಕೆಟ್ಟದಕ್ಕೂ ಅದು ಸಮವಾಗಿ ಸಲ್ಲುತ್ತಿತ್ತು. ಜರ್ಮಾನಿಕ್ ಕುಟುಂಬದ ಇತರ ಭಾಷೆಗಳಲ್ಲಿ ಅದರ ಒಡಹುಟ್ಟುಗಳಿವೆ. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನು ಸತ್ಯವೇದವನ್ನು ಗೋಥಿಕ್ ಭಾಷೆಗೆ ತಿರುಗಿಸಿದಾಗ, ಮಾರ್ಕನ ಸುವಾರ್ತೆಯ 4:19ರಲ್ಲಿ ವಾಕ್ಯವೆಂಬ ಬೀಜವನ್ನು ಅಡಗಿಸಿಬಿಡುವ ಇತರ ವಿಷಯಗಳ ಮೇಲಣ ಆಶೆಗಳಿಗೆ ‘ಲುಸ್ತುಸ್’ ಎಂಬ ಪದವನ್ನು ಬಳಸಿದನು. ಡಚ್ ಮತ್ತು ಜರ್ಮನ್ ಭಾಷೆಗಳಲ್ಲಿ ಈ ಪದ ಇಂದಿಗೂ ಬಳಕೆಯಲ್ಲಿದೆ, ಅದೂ ಅಳುಕಿಲ್ಲದೆ. ಜರ್ಮನ್ ಭಾಷೆಯಲ್ಲಿ ‘ನನಗೆ ಲುಸ್ಟ್ ಇದೆ’ ಎಂದರೆ ‘ನನಗೆ ಮನಸ್ಸಿದೆ’ ಎಂದಷ್ಟೇ ಅರ್ಥ. ಕಾಫಿ ಕುಡಿಯುವುದಕ್ಕೂ ನಡೆದಾಡುವುದಕ್ಕೂ ಆ ಮಾತು ಸಲ್ಲುತ್ತದೆ.

ಲೂಥರನ ಜರ್ಮನ್ ಸತ್ಯವೇದವು ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. 1ನೆಯ ಕೀರ್ತನೆಯ ಧನ್ಯಪುರುಷನಿಗೆ ಯೆಹೋವನ ಧರ್ಮಶಾಸ್ತ್ರದಲ್ಲಿ ಇರುವ ಆನಂದಕ್ಕೆ ಅಲ್ಲಿ ಬಳಸಿರುವ ಪದ ‘ಲುಸ್ಟ್’. ಯೆಹೋವನಲ್ಲಿ ಸಂತೋಷಿಸಬೇಕೆಂದು 37ನೆಯ ಕೀರ್ತನೆ ಹೇಳುವಲ್ಲಿಯೂ ಅದೇ ಪದ. ಯೋಹಾನನ ಮೊದಲನೆಯ ಪತ್ರಿಕೆಯ 2:16ರಲ್ಲಿ ಲೋಕದಿಂದ ಬರುವ ಶರೀರದಾಶೆಗೂ ಕಣ್ಣಿನಾಶೆಗೂ ಸಹ ಅದೇ ಪದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನವರು ತಾಯ್ನುಡಿಯಲ್ಲಿ ಓದುತ್ತಿದ್ದ ಸತ್ಯವೇದ ಇದೇ. ಭಕ್ತನ ಆನಂದಕ್ಕೂ ಲೋಕದವನ ಮೋಹಕ್ಕೂ ಒಂದೇ ಪದವಿದ್ದ ಭಾಷೆಯಿಂದ ಬಂದವರು ಅವರು. ಲಸ್ಟ್ ಎಂದೊಡನೆ ನಾವು ಬೆಚ್ಚುವಂತೆ ಅವರು ಬೆಚ್ಚುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕನ್ನಡಿಗರಿಗೆ ಒಂದು ಸೋಜಿಗ ಕಾದಿದೆ. ಬಯಸು, ಚೆಲ್ಲಾಟವಾಡು ಎಂಬ ಅರ್ಥವುಳ್ಳ ಒಂದು ಪ್ರಾಚೀನ ಧಾತುವನ್ನು ಭಾಷಾಶಾಸ್ತ್ರಜ್ಞರು ಈ ಪದದ ಬುಡದಲ್ಲಿ ಊಹಿಸುತ್ತಾರೆ. ಲ್ಯಾಟಿನಿನಲ್ಲಿ ಸ್ವೇಚ್ಛಾಚಾರಿ, ತುಂಟ ಎಂಬರ್ಥದ ‘ಲಾಸ್ಕಿವುಸ್’ ಎಂಬ ಪದವೂ ಸಂಸ್ಕೃತದ ‘ಲಷ್’, ‘ಲಸ್’ ಎಂಬ ಧಾತುಗಳೂ ಅದೇ ಬುಡದ ಕೊಂಬೆಗಳೆಂದು ಅವರಲ್ಲಿ ಅನೇಕರ ಮತ. ‘ಲಷ್’ ಧಾತುವಿನಿಂದ ನಮಗೆ ‘ಅಭಿಲಾಷೆ’ ಬಂದಿದೆ. ‘ಲಸ್’ ಧಾತುವಿನಿಂದ ‘ಉಲ್ಲಾಸ’, ‘ವಿಲಾಸ’, ‘ಲಾಲಸೆ’ ಬಂದಿವೆ. ಒಂದೇ ಬೇರಿನಿಂದ ಉಲ್ಲಾಸವೂ ಲಾಲಸೆಯೂ ಹುಟ್ಟಿದವೆಂಬುದನ್ನು ಓದುಗರು ಗಮನದಲ್ಲಿಡಬೇಕು. ಮುಂದಿನ ಮಾತಿಗೆ ಇದು ಬೇಕಾಗುತ್ತದೆ. ನಮ್ಮ ಕನ್ನಡ ಸತ್ಯವೇದವು ಗಲಾತ್ಯ 5:17ರಲ್ಲಿ ಶರೀರಭಾವಕ್ಕೂ ಆತ್ಮನಿಗೂ ‘ಅಭಿಲಾಷಿಸು’ ಎಂಬ ಒಂದೇ ಕ್ರಿಯಾಪದವನ್ನು ಸಲ್ಲಿಸಿದೆ. ಇಂಗ್ಲಿಷಿನಲ್ಲಿ ಮುಗ್ಗರಿಸುವ ಓದುಗನು ಇಲ್ಲಿ ಮುಗ್ಗರಿಸದೆ ದಾಟುತ್ತಾನೆ.

ಇಂಗ್ಲಿಷಿನಲ್ಲಿಯೂ ಹಳೆಯ ಅರ್ಥದ ಕುರುಹುಗಳು ಪೂರ್ತಿಯಾಗಿ ಅಳಿದಿಲ್ಲ. ‘ಲಸ್ಟಿ’ ಎಂದರೆ ಕಾಮುಕನಲ್ಲ, ಹುರುಪುಳ್ಳವನು, ಗಟ್ಟಿಮುಟ್ಟಾದವನು. ನ್ಯಾಯಸ್ಥಾಪಕರು 3:29ರಲ್ಲಿ ಏಹೂದನ ಕಾಲದಲ್ಲಿ ಹತರಾದ ಮೋವಾಬ್ಯರ ಪರಾಕ್ರಮಿಗಳನ್ನು ಕಿಂಗ್ ಜೇಮ್ಸ್ ಭಾಷಾಂತರವು ಹಾಗೆ ಕರೆದಿದೆ. ‘ಲಿಸ್ಟ್’ ಎಂಬ ಹಳೆಯ ಕ್ರಿಯಾಪದವೂ ಇದೇ ಕುಲದ್ದು. ಇಷ್ಟಪಡು ಎಂದು ಅದರ ಅರ್ಥ. ಯಾವುದರಲ್ಲಿಯೂ ಮನಸ್ಸಿಲ್ಲದೆ ಜಡವಾಗಿ ಕುಳಿತವನನ್ನು ‘ಲಿಸ್ಟ್‌ಲೆಸ್’ ಎಂದು ಇಂದಿಗೂ ಕರೆಯುತ್ತಾರೆ. ಕರ್ತನು ನಿಕೊದೇಮನ ಸಂಗಡ ಮಾತನಾಡುತ್ತ, ಗಾಳಿಯು ಮನಸ್ಸು ಬಂದ ಕಡೆಗೆ ಬೀಸುತ್ತದೆಂದು ಹೇಳಿದ ಯೋಹಾನ 3:8ರಲ್ಲಿ ಆ ಭಾಷಾಂತರವು ಬಳಸಿರುವುದು ಈ ಕ್ರಿಯಾಪದವನ್ನೇ. ಗ್ರೀಕಿನಲ್ಲಿ ಗಾಳಿಗೂ ಆತ್ಮಕ್ಕೂ ಒಂದೇ ಪದವಿರುವುದರಿಂದ, ಆತ್ಮನ ಸ್ವಾತಂತ್ರ್ಯವನ್ನು ಹೇಳುವ ವಾಕ್ಯದಲ್ಲಿ ‘ಲಸ್ಟ್’ ಪದದ ತಂಗಿಯೊಬ್ಬಳು ಸದ್ದಿಲ್ಲದೆ ಕುಳಿತಿದ್ದಾಳೆ.

ಹೀಗಿದ್ದ ಪದ ಕಿರಿದಾದುದು ಹೇಗೆ? ಅದನ್ನು ಕಿರಿದುಗೊಳಿಸುವುದರಲ್ಲಿ ಸತ್ಯವೇದದ ಭಾಷಾಂತರಗಳೇ ದೊಡ್ಡ ಪಾತ್ರ ವಹಿಸಿದವು. ಪಶ್ಚಿಮದ ಸಭೆ ಓದುತ್ತಿದ್ದ ಲ್ಯಾಟಿನ್ ವುಲ್ಗಾತದಲ್ಲಿ 1 ಯೋಹಾನ 2:16ರ ಶರೀರದಾಶೆಗೆ ‘ಕೊನ್ಕುಪಿಸ್ಕೆಂತಿಯ’ ಎಂಬ ಪದವಿತ್ತು. ಹಳೆಯ ಇಂಗ್ಲಿಷಿನ ಕೊನೆಯ ಕಾಲದಿಂದಲೂ ಬೋಧಕರು ಅದಕ್ಕೆ ಸರಿಯಾಗಿ ತಮ್ಮ ‘ಲಸ್ಟ್’ ಅನ್ನು ಹೇಳುತ್ತ ಬಂದರು. ಜನರು ಸಭೆಯಲ್ಲಿ ಆ ಪದವನ್ನು ಕೇಳಿದಾಗಲೆಲ್ಲ ಅದರ ಮಗ್ಗುಲಲ್ಲಿ ಶರೀರ, ಪಾಪ, ನರಕ ಎಂಬ ಪದಗಳಿದ್ದವು. ಕೆಟ್ಟ ಸಹವಾಸದಿಂದ ಮನುಷ್ಯನ ಹೆಸರು ಕೆಡುವಂತೆ ಪದದ ಹೆಸರೂ ಕೆಟ್ಟಿತು. ಸಪ್ತ ಮಹಾಪಾಪಗಳ ಪಟ್ಟಿಯಲ್ಲಿ ಲ್ಯಾಟಿನಿನ ‘ಲುಕ್ಸೂರಿಯ’ಕ್ಕೆ ಮಧ್ಯಯುಗದ ಇಂಗ್ಲಿಷರು ‘ಲೆಚರಿ’ ಎನ್ನುತ್ತಿದ್ದರು. ಕಾಲಕ್ರಮದಲ್ಲಿ ಆ ಪೀಠವನ್ನೂ ‘ಲಸ್ಟ್’ ಏರಿತು. 1609ರಲ್ಲಿ ಅಚ್ಚಾದ ಷೇಕ್ಸ್‌ಪಿಯರನ 129ನೆಯ ಸಾನೆಟ್‌ನಲ್ಲಿ ಪದಕ್ಕೆ ಇಂದಿನ ಅರ್ಥವೇ ಇದೆ. ಎರಡೇ ವರ್ಷಗಳ ಬಳಿಕ ಹೊರಬಂದ ಕಿಂಗ್ ಜೇಮ್ಸ್ ಭಾಷಾಂತರದಲ್ಲಿ ಹಳೆಯ ಅಗಲವಾದ ಅರ್ಥ ಇನ್ನೂ ಉಸಿರಾಡುತ್ತಿದೆ. ವಿಮೋಚನಕಾಂಡ 15:9ರಲ್ಲಿ ಇಸ್ರಾಯೇಲ್ಯರನ್ನು ಬೆನ್ನಟ್ಟಿ ಕೊಳ್ಳೆಹೊಡೆಯುವೆನೆಂದು ಕೊಚ್ಚಿಕೊಳ್ಳುವ ಶತ್ರುವಿನ ‘ಲಸ್ಟ್’ನಲ್ಲಿ ಕಾಮದ ಸುಳಿವೂ ಇಲ್ಲ; ಅದು ಕತ್ತಿ ಹಿರಿದವನ ಸುಲಿಗೆಯ ದಾಹ.

ಭಾಷೆಯೊಂದರಲ್ಲಿ ಪದವೊಂದು ಕಿರಿದಾಗುವುದು ಸಹಜವೇ. ಅದಕ್ಕಾಗಿ ಯಾರೂ ಶೋಕಿಸಬೇಕಿಲ್ಲ. ಕಿರಿದಾದ ಅರ್ಥವನ್ನು ಹಿಂದಕ್ಕೆ ಒಯ್ದು ಅಪೊಸ್ತಲರ ಬಾಯಲ್ಲಿ ಇಡುವಾಗ ಮಾತ್ರ ಅಪಾಯ ಹುಟ್ಟುತ್ತದೆ. ಆದಕಾರಣ ಇಂಗ್ಲಿಷನ್ನು ಬಿಟ್ಟು ಮೂಲಕ್ಕೆ ಹೋಗಬೇಕು.

ಹೊಸ ಒಡಂಬಡಿಕೆಯಲ್ಲಿ ಈ ಪದದ ಹಿಂದಿರುವ ಮುಖ್ಯವಾದ ಗ್ರೀಕ್ ಪದ ‘ಎಪಿಥುಮಿಯ’. ಅದರ ಕ್ರಿಯಾರೂಪ ‘ಎಪಿಥುಮೆಯೋ’. ‘ಥುಮೋಸ್’ ಎಂದರೆ ಒಳಗಿನ ಆವೇಗ, ಕುದಿತ. ಹೊಸ ಒಡಂಬಡಿಕೆಯಲ್ಲಿ ಅದೇ ಪದ ಕೋಪಕ್ಕೂ ಬರುತ್ತದೆ. ಆ ಆವೇಗ ಒಂದು ವಸ್ತುವಿನ ಮೇಲೆ ನೆಟ್ಟಾಗ ಅದು ಎಪಿಥುಮಿಯ. ಸ್ತೋಯಿಕರು ಇದನ್ನು ವಿವೇಕಕ್ಕೆ ಅಡಗದ ನಾಲ್ಕು ಭಾವವಿಕಾರಗಳಲ್ಲಿ ಸೇರಿಸಿ, ಜ್ಞಾನಿಯಾದವನು ಅದನ್ನು ಕಿತ್ತೆಸೆಯಬೇಕೆಂದು ಕಲಿಸುತ್ತಿದ್ದರು. ಅಪೊಸ್ತಲರು ಅದೇ ಪದವನ್ನು ಎತ್ತಿಕೊಂಡರು. ಸ್ತೋಯಿಕರ ತೀರ್ಪನ್ನು ಮಾತ್ರ ಎತ್ತಿಕೊಳ್ಳಲಿಲ್ಲ.

ನಾಮಪದವು ಹೊಸ ಒಡಂಬಡಿಕೆಯಲ್ಲಿ 38 ಸಾರಿ ಬಂದಿದೆ. ಹೆಚ್ಚಿನ ಕಡೆ ಕೆಟ್ಟ ಆಶೆಯೆಂಬ ಅರ್ಥದಲ್ಲಿಯೇ ಬಂದಿದೆಯೆಂಬುದನ್ನು ಮರೆಮಾಡಬೇಕಾಗಿಲ್ಲ. ಕಿಂಗ್ ಜೇಮ್ಸ್ ಭಾಷಾಂತರಕಾರರು ಇವುಗಳಲ್ಲಿ 31 ಕಡೆ ‘ಲಸ್ಟ್’ ಎಂದೂ, ಮೂರು ಕಡೆ ‘ಕಾಂಕ್ಯುಪಿಸೆನ್ಸ್’ ಎಂದೂ, ಮೂರು ಕಡೆ ‘ಡಿಸೈರ್’ ಎಂದೂ ಬರೆದರು. ಉಳಿದ ಒಂದು ಪ್ರಕಟನೆ 18:14. ಅಲ್ಲಿ ಬಾಬೆಲಿನ ಜೀವವು ‘ಲಸ್ಟ್’ ಮಾಡಿದ್ದು ಹಣ್ಣುಗಳಿಗಾಗಿ.

‘ಡಿಸೈರ್’ ಎಂದಿರುವ ಮೂರು ಸ್ಥಳಗಳನ್ನು ಒಂದೊಂದಾಗಿ ತೆರೆದು ನೋಡುವುದು ಲೇಸು. ಲೂಕ 22:15ರಲ್ಲಿ ಕರ್ತನು ತಾನು ಶ್ರಮೆಪಡುವುದಕ್ಕೆ ಮೊದಲು ಶಿಷ್ಯರ ಸಂಗಡ ಪಸ್ಕದ ಊಟಮಾಡಬೇಕೆಂದು ತನಗಿದ್ದ ಬಯಕೆಯನ್ನು ಹೇಳುತ್ತಾನೆ. ಗ್ರೀಕಿನಲ್ಲಿ ನಾಮಪದವೂ ಕ್ರಿಯಾಪದವೂ ಒಟ್ಟೊಟ್ಟಾಗಿ, ಇಬ್ರಿಯ ಶೈಲಿಯಲ್ಲಿ, ಒಂದರ ಮೇಲೊಂದು ಬಂದಿವೆ: ಎಪಿಥುಮಿಯದಿಂದ ಎಪಿಥುಮೆಯೋ ಮಾಡಿದೆನು. ಇದಕ್ಕಿಂತ ಬಲವಾಗಿ ಬಯಕೆಯನ್ನು ಹೇಳಲು ಆ ಭಾಷೆಯಲ್ಲಿ ದಾರಿ ಕಡಿಮೆ. ಫಿಲಿಪ್ಪಿ 1:23ರಲ್ಲಿ ಪೌಲನು ಈ ಲೋಕವನ್ನು ಬಿಟ್ಟು ಕ್ರಿಸ್ತನ ಸಂಗಡ ಇರುವುದಕ್ಕೆ ತನಗಿರುವ ಎಪಿಥುಮಿಯವನ್ನು ಒಪ್ಪಿಕೊಳ್ಳುತ್ತಾನೆ. 1 ಥೆಸಲೋನಿಕ 2:17ರಲ್ಲಿ ಅಗಲಿದ ಸಭೆಯವರ ಮುಖವನ್ನು ನೋಡಬೇಕೆಂದು ಅವನಿಗಿದ್ದ ಹಂಬಲವೂ ಅದೇ. ಕ್ರಿಯಾಪದವನ್ನು ಹಿಂಬಾಲಿಸಿದರೆ ಕ್ಷೇತ್ರ ಇನ್ನೂ ವಿಸ್ತಾರವಾಗುತ್ತದೆ. ಶಿಷ್ಯರು ಕಂಡದ್ದನ್ನು ಕಾಣಬೇಕೆಂದು ಪ್ರವಾದಿಗಳೂ ನೀತಿವಂತರೂ ಎಪಿಥುಮೆಯೋ ಮಾಡಿದರು. ಸುವಾರ್ತೆಯ ವಿಷಯಗಳನ್ನು ಬಗ್ಗಿ ನೋಡಬೇಕೆಂದು ದೇವದೂತರು ಇಂದಿಗೂ ಅದನ್ನೇ ಮಾಡುತ್ತಾರೆ. ಹಂದಿಗಳ ಮೇವಿನಿಂದ ಹೊಟ್ಟೆ ತುಂಬಿಸಿಕೊಳ್ಳಲು ಹಾತೊರೆದ ಕಿರಿಯ ಮಗನೂ, ಐಶ್ವರ್ಯವಂತನ ಮೇಜಿನಿಂದ ಬೀಳುವ ಎಂಜಲಿಗೆ ಕಾದ ಲಾಜರನೂ ಅದನ್ನೇ ಮಾಡಿದರು. ಸಭಾಧ್ಯಕ್ಷನ ಉದ್ಯೋಗವನ್ನು ಬಯಸುವವನು ಒಳ್ಳೆಯ ಕೆಲಸವನ್ನು ಎಪಿಥುಮೆಯೋ ಮಾಡುತ್ತಾನೆಂದು 1 ತಿಮೊಥೆಯ 3:1 ಹೇಳುತ್ತದೆ. (ಈಗಿನ ಕಾಲದ ಕೆಲವು ಉಮೇದುವಾರರ ವಿಷಯದಲ್ಲಿ ‘ಲಸ್ಟ್’ ಎಂದೇ ಭಾಷಾಂತರಿಸಬೇಕಾದೀತೇನೋ, ಅದು ಬೇರೆ ಮಾತು.)

ಭಾಷಾಂತರಕಾರರ ಕೈಚಳಕ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರೋಮಾಪುರದವರಿಗೆ ಬರೆದ ಪತ್ರಿಕೆಯ 7:7-8ರಲ್ಲಿ. ಪೌಲನು ಹತ್ತನೆಯ ಆಜ್ಞೆಯನ್ನು ಉದಾಹರಿಸುತ್ತಿದ್ದಾನೆ. ಆಶೆ ಎಂದರೇನೆಂಬುದು ತನಗೆ ತಿಳಿದದ್ದು, ಆಶಿಸಬಾರದೆಂದು ಧರ್ಮಶಾಸ್ತ್ರ ಹೇಳಿದ್ದರಿಂದಲೇ; ಆ ಆಜ್ಞೆಯನ್ನೇ ನೆವಮಾಡಿಕೊಂಡು ಪಾಪವು ತನ್ನಲ್ಲಿ ಸಕಲ ವಿಧವಾದ ಆಶೆಗಳನ್ನು ಹುಟ್ಟಿಸಿತು ಎಂದು ಅವನ ವಾದ. ಗ್ರೀಕಿನಲ್ಲಿ ಮೂರೂ ಕಡೆ ಒಂದೇ ಮೂಲದ ಪದ. ವಾದದ ಬಲವೆಲ್ಲ ಆ ಪುನರುಕ್ತಿಯಲ್ಲಿದೆ. 1526ರ ತನ್ನ ಹೊಸ ಒಡಂಬಡಿಕೆಯಲ್ಲಿ ವಿಲಿಯಂ ಟಿಂಡೇಲನು ಮೊದಲನೆಯ ಎರಡು ಕಡೆಗಳಲ್ಲಾದರೂ ‘ಲಸ್ಟ್’ ಎಂಬ ಒಂದೇ ಪದವನ್ನು ಬಳಸಿ ಅದನ್ನು ಉಳಿಸಿಕೊಂಡಿದ್ದನು. 1611ರವರು ಒಮ್ಮೆ ‘ಲಸ್ಟ್’, ಇನ್ನೊಮ್ಮೆ ‘ಕವೆಟ್’, ಮತ್ತೊಮ್ಮೆ ‘ಕಾಂಕ್ಯುಪಿಸೆನ್ಸ್’ ಎಂದು ಮೂರು ಬಗೆಯಾಗಿ ಬರೆದರು. ಮೂಲದ ಒಂದೇ ಪದಕ್ಕೆ ಎಲ್ಲೆಡೆಯೂ ಒಂದೇ ಪದವನ್ನು ಬಳಸಲು ತಮ್ಮನ್ನು ಕಟ್ಟಿಹಾಕಿಕೊಂಡಿಲ್ಲವೆಂದು ಅವರು ತಮ್ಮ ಮುನ್ನುಡಿಯಲ್ಲಿಯೇ ತಿಳಿಸಿದ್ದರು. ಇಂಗ್ಲಿಷಿನ ಮೂರು ಪದರಗಳು ಈ ಎರಡು ವಾಕ್ಯಗಳಲ್ಲಿ ಸೇರಿರುವುದು ಭಾಷಾಪ್ರಿಯರಿಗೆ ಹಬ್ಬ: ಮೊದಲನೆಯದು ಜರ್ಮಾನಿಕ್, ಎರಡನೆಯದು ಫ್ರೆಂಚಿನ ಮೂಲಕ ಬಂದದ್ದು, ಮೂರನೆಯದು ನೇರ ಲ್ಯಾಟಿನ್. ಕೊನೆಯ ಎರಡರ ಬೇರು ಬಯಸು ಎಂಬರ್ಥದ ‘ಕುಪೆರೆ’. ಅದಕ್ಕೂ ನಮ್ಮ ‘ಕೋಪ’ದ ಮೂಲವಾದ ಸಂಸ್ಕೃತದ ‘ಕುಪ್’ ಧಾತುವಿಗೂ ನಂಟಿದೆಯೆಂದು ಹಲವರು ಹೇಳುತ್ತಾರೆ.

ಹಬ್ಬದ ನಡುವೆ ನಷ್ಟವೂ ಆಯಿತು. ‘ಲಸ್ಟ್’ ಒಂದು ಪಾಪ, ‘ಕವೆಟ್’ ಇನ್ನೊಂದು ಪಾಪ ಎಂದು ಓದುಗನು ತಿಳಿದನು. ಮೊದಲನೆಯದು ಏಳನೆಯ ಆಜ್ಞೆಗೆ ಸಂಬಂಧಪಟ್ಟದ್ದು, ಎರಡನೆಯದು ಹತ್ತನೆಯದಕ್ಕೆ. ಮೊದಲನೆಯದು ನಾಚಿಕೆಗೇಡು, ಎರಡನೆಯದು ಯಾರ ಮನೆಯಲ್ಲಿಲ್ಲದ ದೋಷ ಎಂಬ ಒಂದು ತಾರತಮ್ಯ ನೆಲೆಗೊಂಡಿತು. ಪೌಲನ ಗ್ರೀಕಿನಲ್ಲಿ ಆ ಗೋಡೆ ಇಲ್ಲ.

ಹಳೆಯ ಒಡಂಬಡಿಕೆಯಲ್ಲಿಯೂ ಅದು ಇಲ್ಲ. ಇಬ್ರಿಯದಲ್ಲಿ ನಮಗೆ ಸಂಬಂಧಪಟ್ಟ ಪದಗಳು ಮುಖ್ಯವಾಗಿ ಎರಡು: ‘ಹಾಮದ್’ ಎಂಬ ಕ್ರಿಯಾಪದ, ‘ತಅವಾ’ ಎಂಬ ನಾಮಪದ. ಎರಡೂ ಏದೆನ್ ತೋಟದಲ್ಲಿಯೇ ಕಾಣಿಸಿಕೊಳ್ಳುತ್ತವೆ. ಆದಿಕಾಂಡ 2:9ರಲ್ಲಿ ಯೆಹೋವದೇವರು ನೋಟಕ್ಕೆ ‘ನೆಹ್ಮಾದ್’ ಆದ, ಅಂದರೆ ಬಯಸತಕ್ಕದ್ದಾದ, ಸಕಲ ವೃಕ್ಷಗಳನ್ನು ನೆಲದಿಂದ ಬೆಳೆಯಿಸಿದನು. ಈ ಪದ ‘ಹಾಮದ್’ ಧಾತುವಿನದೇ. ಬಯಕೆಯನ್ನು ಕೆರಳಿಸುವ ಚೆಲುವನ್ನು ಸೃಷ್ಟಿಸಿದವನು ದೇವರು. ಪಾಪವು ಆಗ ಇನ್ನೂ ಹೊಸ್ತಿಲು ದಾಟಿರಲಿಲ್ಲ. 3:6ರಲ್ಲಿ ಸ್ತ್ರೀಯು ನಿಷೇಧಿಸಲ್ಪಟ್ಟ ಮರವನ್ನು ನೋಡುವಾಗ ಅದು ಕಣ್ಣುಗಳಿಗೆ ‘ತಅವಾ’ ಆಗಿಯೂ ಜ್ಞಾನಕ್ಕಾಗಿ ‘ನೆಹ್ಮಾದ್’ ಆಗಿಯೂ ಕಾಣುತ್ತದೆ. ಬಯಕೆ ಹೊಸದಾಗಿ ಹುಟ್ಟಲಿಲ್ಲ. ಅದು ತಿರುಗಿದ ದಿಕ್ಕು ಹೊಸದು. ಕೊಟ್ಟದ್ದನ್ನು ಬಿಟ್ಟು ಕೊಡದಿದ್ದುದರ ಕಡೆಗೆ ಅದು ಕೈಚಾಚಿತು.

ಅರಣ್ಯಕಾಂಡದ 11ನೆಯ ಅಧ್ಯಾಯವು ಈ ವಿಷಯದಲ್ಲಿ ಒಂದು ಪಾಠಶಾಲೆಯೇ ಸರಿ. ಇಸ್ರಾಯೇಲ್ಯರ ನಡುವೆ ಇದ್ದ ಇತರ ಜನರು ‘ಲಸ್ಟ್’ಗೆ ಬಿದ್ದರೆಂದು ಕಿಂಗ್ ಜೇಮ್ಸ್ ಭಾಷಾಂತರ ಹೇಳುತ್ತದೆ. ಅವರು ಬಯಸಿದ್ದು ಏನನ್ನು? ಮಾಂಸವನ್ನು. ಇಸ್ರಾಯೇಲ್ಯರೂ ಅಳುತ್ತ ಐಗುಪ್ತದ ಮೀನು, ಸೌತೆಕಾಯಿ, ಕರ್ಬೂಜ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನಸಿಕೊಂಡರು. ಕೊನೆಗೆ ಅವರನ್ನು ಹೂಣಿಟ್ಟ ಸ್ಥಳಕ್ಕೆ ಕಿಬ್ರೋತ್ ಹತಾವಾ, ಅಂದರೆ ತಅವಾದ ಸಮಾಧಿಗಳು, ಎಂಬ ಹೆಸರಾಯಿತು. ಇದನ್ನು ಓದಿ ಮಾಂಸದ ಬಯಕೆಯೇ ಪಾಪವೆಂದು ಯಾರಾದರೂ ತೀರ್ಮಾನಿಸಿದರೆ ಧರ್ಮೋಪದೇಶಕಾಂಡವು ಅವರನ್ನು ತಡೆದು ನಿಲ್ಲಿಸುತ್ತದೆ. ಅದರ 12:15ರಲ್ಲಿಯೂ 20ರಲ್ಲಿಯೂ, ವಾಗ್ದತ್ತ ದೇಶವನ್ನು ಸೇರಿದ ಮೇಲೆ ಪ್ರಾಣ ಬಯಸಿದಷ್ಟು ಮಾಂಸವನ್ನು ತಿನ್ನಬಹುದೆಂದು ಅಪ್ಪಣೆಯಾಗಿದೆ. 14:26ರಲ್ಲಿಯಂತೂ ದಶಮಾಂಶದ ಹಣದಿಂದ ದನ, ಕುರಿ, ದ್ರಾಕ್ಷಾರಸ ಮೊದಲಾಗಿ ಇಷ್ಟಬಂದದ್ದನ್ನು ಕೊಂಡು ಮನೆಯವರೊಂದಿಗೆ ಯೆಹೋವನ ಸನ್ನಿಧಿಯಲ್ಲಿ ಊಟಮಾಡಿ ಸಂತೋಷಪಡಬೇಕೆಂದಿದೆ. ಈ ವಾಕ್ಯಗಳಲ್ಲಿರುವ ಇಬ್ರಿಯ ಪದಗಳೂ ‘ತಅವಾ’ದ ಬೇರಿನವೇ, ಕಿಂಗ್ ಜೇಮ್ಸ್ ಭಾಷಾಂತರದಲ್ಲಿ ಇವುಗಳಿಗೂ ‘ಲಸ್ಟ್’ ಎಂದೇ ಇದೆ. ಒಂದೆಡೆ ಮರಣಕ್ಕೆ ಒಯ್ದ ಬಯಕೆ ಇನ್ನೊಂದೆಡೆ ಆರಾಧನೆಯ ಊಟಕ್ಕೆ ಒಯ್ಯುತ್ತದೆ. ಮೊದಲನೆಯದು ದೇವರು ಕೊಟ್ಟ ಮನ್ನವನ್ನು ತಳ್ಳಿ ದಾಸತ್ವದ ದೇಶದ ಕಡೆಗೆ ಮುಖಮಾಡಿತ್ತು. ಎರಡನೆಯದು ಅವನ ಕೈಯಿಂದ ತೆಗೆದುಕೊಂಡು ಅವನ ಮುಂದೆಯೇ ಉಣ್ಣುತ್ತದೆ. 19ನೆಯ ಕೀರ್ತನೆಯಲ್ಲಿ ಯೆಹೋವನ ವಿಧಿಗಳು ಬಂಗಾರಕ್ಕಿಂತಲೂ ‘ಹಾಮದ್’ಗೆ ತಕ್ಕವುಗಳು. ಯೆಶಾಯ 26:8ರಲ್ಲಿ ಭಕ್ತರ ಪ್ರಾಣದ ‘ತಅವಾ’ ದೇವರ ನಾಮವೇ.

ಇಷ್ಟನ್ನು ಹೇಳಿದ ಬಳಿಕ ಪರ್ವತಪ್ರಸಂಗದ ಮಾತಿಗೆ ಬರಬೇಕು. ಅನೇಕ ಯುವಕರ ಮನಸ್ಸನ್ನು ಬಹುಕಾಲ ಕೊರೆಯುವ ವಾಕ್ಯ ಮತ್ತಾಯ 5:28. ಪರಸ್ತ್ರೀಯ ಚೆಲುವು ಕಣ್ಣಿಗೆ ಬಿದ್ದು ಮನಸ್ಸು ಒಂದು ಕ್ಷಣ ಅಲುಗಿದ್ದೇ ವ್ಯಭಿಚಾರವೆಂದು ತಿಳಿದು, ರಕ್ಷಣೆಯ ನಿಶ್ಚಯವನ್ನೇ ಕಳೆದುಕೊಂಡು ಸಭಾಪಾಲಕರ ಬಳಿಗೆ ಬರುವವರಿದ್ದಾರೆ. ಬರಲಾರದೆ ಒಳಗೊಳಗೇ ಬೇಯುವವರು ಇನ್ನೂ ಹೆಚ್ಚು. ಅವರಿಗೆ ನಾವು ಏನು ಹೇಳಬೇಕು? ಕರ್ತನ ಮಾತನ್ನು ತೆಳುಗೊಳಿಸುವ ಹಕ್ಕು ನಮಗಿಲ್ಲ. ಅವನು ಹೇಳದೆ ಇದ್ದುದನ್ನು ಅವನ ಬಾಯಲ್ಲಿ ಇಡುವ ಹಕ್ಕೂ ಇಲ್ಲ. ಗ್ರೀಕಿನ ವಾಕ್ಯರಚನೆಯಲ್ಲಿ ನೋಡುವುದರ ಉದ್ದೇಶ ಅಡಗಿದೆ. ನೋಡಿದಾಗ ಬಯಕೆ ಹುಟ್ಟಿತು ಎಂದಲ್ಲ, ಎಪಿಥುಮೆಯೋ ಮಾಡುವುದಕ್ಕಾಗಿಯೇ ನೋಡುತ್ತಾನೆ ಎಂದು ಅದರ ಧೋರಣೆ. ಆ ಕ್ರಿಯಾಪದವಾದರೋ ಗ್ರೀಕ್ ಸೆಪ್ತುಅಗಿಂತದಲ್ಲಿ ಹತ್ತನೆಯ ಆಜ್ಞೆ ಬಳಸುವ ಪದವೇ. ಅಲ್ಲಿ ಆ ಆಜ್ಞೆಯ ಮೊದಲ ಮಾತು ನೆರೆಯವನ ಹೆಂಡತಿಯ ವಿಷಯ. ಜ್ಞಾನೋಕ್ತಿ 6:25ರಲ್ಲಿ ತಂದೆಯು ಮಗನಿಗೆ ಅವಳ ಚೆಲುವನ್ನು ಹೃದಯದಲ್ಲಿ ಬಯಸಬೇಡವೆಂದು ಎಚ್ಚರಿಸುವಾಗ ಇಬ್ರಿಯದಲ್ಲಿರುವುದು ‘ಹಾಮದ್’. ಹೀಗೆ ಕರ್ತನು ಏಳನೆಯ ಆಜ್ಞೆಯನ್ನು ಹತ್ತನೆಯದರ ಬೆಳಕಿನಲ್ಲಿ ಓದುತ್ತಿದ್ದಾನೆ. ಮತ್ತೊಬ್ಬರ ಬಾಳನ್ನು ತನ್ನ ವಶಕ್ಕೆ ತೆಗೆದುಕೊಳ್ಳುವ ಸಂಕಲ್ಪವನ್ನು ಕಣ್ಣಿನಲ್ಲಿಯೇ ನೆರವೇರಿಸಿಕೊಳ್ಳುವವನ ಮೇಲೆ ಅವನ ತೀರ್ಪು ಬೀಳುತ್ತದೆ. ಆ ನೋಟಕ್ಕೆ ಗುರಿಯಾದ ಸ್ತ್ರೀಯೂ ಈ ವಾಕ್ಯದಲ್ಲಿ ಇದ್ದಾಳೆಂಬುದನ್ನು ನಮ್ಮ ಪ್ರಸಂಗಗಳು ಬಹಳ ಸಾರಿ ಮರೆಯುತ್ತವೆ; ಅವಳ ಉಡುಪಿನ ಮೇಲೆ ತಪ್ಪುಹೊರಿಸುವ ಬೋಧಕನಿಗೆ ಇಲ್ಲಿ ಒಂದಕ್ಷರದ ಆಧಾರವೂ ಇಲ್ಲ.

ಯಾಕೋಬನ ಪತ್ರಿಕೆಯ 1:14-15 ಕೂಡ ನೆರವಿಗೆ ಬರುತ್ತದೆ. ಎಪಿಥುಮಿಯವು ಮೀನನ್ನು ಗಾಳದ ಎರೆ ಸೆಳೆಯುವಂತೆ ಮನುಷ್ಯನನ್ನು ಸೆಳೆಯುತ್ತದೆ. ಅದು ಬಸುರಾಗಿ ಪಾಪವನ್ನು ಹೆರುತ್ತದೆ. ಪಾಪವು ಬೆಳೆದು ಮರಣವನ್ನು ಹೆರುತ್ತದೆ. ಇಲ್ಲಿ ಆಶೆಗೂ ಪಾಪಕ್ಕೂ ತಾಯಿಮಕ್ಕಳ ಸಂಬಂಧ. ತಾಯಿಯೇ ಮಗುವೋ ಅಲ್ಲವೋ ಎಂಬ ಪ್ರಶ್ನೆಯಲ್ಲಿ ಸುಧಾರಣಾಕಾಲದ ಸಭೆಗಳು ಒಡೆದವು. 1530ರ ಆಗ್ಸ್‌ಬರ್ಗ್ ಒಪ್ಪಿಗೆಯು ತನ್ನ ಎರಡನೆಯ ಲೇಖದಲ್ಲಿ ಹುಟ್ಟಿನಿಂದಲೇ ಬರುವ ಕೊನ್ಕುಪಿಸ್ಕೆಂತಿಯವನ್ನು ನಿಜವಾಗಿ ಪಾಪವೆಂದೇ ಹೇಳಿತು. 1546ರಲ್ಲಿ ತ್ರೆಂತಿನ ಮಹಾಸಭೆಯು, ದೀಕ್ಷಾಸ್ನಾನ ಹೊಂದಿದವರಲ್ಲಿ ಅದು ಪಾಪದಿಂದ ಹುಟ್ಟಿ ಪಾಪದ ಕಡೆಗೆ ವಾಲಿಸುತ್ತದೆ, ಆದರೆ ತಾನೇ ಸರಿಯಾದ ಅರ್ಥದಲ್ಲಿ ಪಾಪವಲ್ಲವೆಂದು ತೀರ್ಮಾನಿಸಿತು. ಆ ವಾದವನ್ನು ಬಗೆಹರಿಸುವುದು ಈ ಲೇಖನದ ಕೆಲಸವಲ್ಲ. ಎರಡು ಪಕ್ಷದವರೂ ಆ ಪದವನ್ನು ಕಾಮಕ್ಕೆ ಮಾತ್ರ ಸೀಮಿತಗೊಳಿಸಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಪದ ಕಿರಿದಾಗುವುದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಆಗಸ್ಟೀನನು. ‘ದೇವರ ಪಟ್ಟಣ’ವೆಂಬ ತನ್ನ ಮಹಾಕೃತಿಯ 14ನೆಯ ಪುಸ್ತಕದಲ್ಲಿ ಅವನು ‘ಲಿಬಿದೋ’ ಎಂಬ ಲ್ಯಾಟಿನ್ ಪದವನ್ನು ಚರ್ಚಿಸುತ್ತಾನೆ. ಅದು ಎಲ್ಲ ಬಗೆಯ ಕಡುಬಯಕೆಗೂ ಸಲ್ಲುವ ಪದ. ಮುಯ್ಯಿ ತೀರಿಸುವ ಲಿಬಿದೋ ಕೋಪವೆನಿಸುತ್ತದೆ, ಹಣದ ಲಿಬಿದೋ ಲೋಭವೆನಿಸುತ್ತದೆ. ಆದರೂ ವಸ್ತುವನ್ನು ಹೆಸರಿಸದೆ ಬರಿದೇ ಲಿಬಿದೋ ಎಂದರೆ ಕೇಳುವವರ ಮನಸ್ಸು ಕಾಮದ ಕಡೆಗೇ ಹೋಗುತ್ತದೆಂದು ಅವನು ಗಮನಿಸಿದನು. ಅದೇ ಕೃತಿಯ ಮುನ್ನುಡಿಯಲ್ಲಿ ಅವನು ಐಹಿಕ ಪಟ್ಟಣವನ್ನು ಆಳುವ ಬಯಕೆಯನ್ನು ಹೆಸರಿಸುವಾಗ ಹೇಳುವುದು ಕಾಮವನ್ನಲ್ಲ, ಆಳ್ವಿಕೆಯ ಲಿಬಿದೋವನ್ನು. ಜನಾಂಗಗಳನ್ನು ಗುಲಾಮರನ್ನಾಗಿ ಮಾಡಿಕೊಂಡ ಪಟ್ಟಣವೇ ಆ ಲಿಬಿದೋವಿನ ಗುಲಾಮನಾಗಿದೆ ಎಂಬುದು ಅವನ ಆರೋಪ.

ಕನ್ನಡದಲ್ಲಿ ‘ಕಾಮ’ಕ್ಕೆ ಆದದ್ದೂ ಇದೇ. ಸಂಸ್ಕೃತದಲ್ಲಿ ಬಯಕೆಯೆಂಬ ವಿಶಾಲವಾದ ಅರ್ಥದಿಂದ ಹೊರಟ ಆ ಪದ ಇಂದು ನಮ್ಮ ಮಾತಿನಲ್ಲಿ ಒಂದೇ ಬಗೆಯ ಬಯಕೆಗೆ ಮೀಸಲಾಗಿದೆ. ‘ಶುಭಕಾಮನೆ’, ‘ಕಾಮಧೇನು’, ‘ನಿಷ್ಕಾಮ’ ಎಂಬ ಸಮಾಸಗಳಲ್ಲಿ ಮಾತ್ರ ಹಳೆಯ ಅರ್ಥ ಉಳಿದುಕೊಂಡಿದೆ. ‘ಆಶೆ’ ಹಾಗಲ್ಲ. ಅದು ಮಗುವಿನ ಆಶೆಯೂ ಆಗಬಹುದು, ಹೊಲದ ಆಶೆಯೂ ಆಗಬಹುದು. ಕೆಟ್ಟದ್ದೆಂದು ಹೇಳಬೇಕಾದರೆ ದುರಾಶೆ, ಅತಿಯಾಶೆ ಎಂದು ಮುಂದೊಂದು ಪದ ಸೇರಿಸಬೇಕು. ‘ಬಯಕೆ’ಯಂತೂ ಬಸುರಿಯ ನಾಲಿಗೆಯ ಮೇಲೆ ಮನೆಮಂದಿಗೆಲ್ಲ ಸಂಭ್ರಮವಾಗುತ್ತದೆ; ಅದನ್ನು ತೀರಿಸದಿದ್ದರೇ ತಪ್ಪು. ಎಪಿಥುಮಿಯದಷ್ಟು ಅಗಲವಾದ ಪದಗಳು ನಮ್ಮ ಮನೆಯಲ್ಲಿಯೇ ಇವೆ. ನಮ್ಮ ಸತ್ಯವೇದದಲ್ಲಿ ಹತ್ತನೆಯ ಆಜ್ಞೆಗೂ 1 ಯೋಹಾನ 2:16ಕ್ಕೂ ‘ಆಶೆ’ಯ ಕುಲದ ಪದವನ್ನೇ ಆರಿಸಿರುವುದು ಸರಿಯಾದ ಆಯ್ಕೆ. ಹೀಗಿರುವಾಗ ಪ್ರಸಂಗಪೀಠದಲ್ಲಿ ಅನೇಕರು ಶರೀರದಾಶೆಯೆಂದು ಓದಿ, ಇಂಗ್ಲಿಷ್ ವ್ಯಾಖ್ಯಾನದ ‘ಲಸ್ಟ್’ ಅನ್ನು ನೆನಸಿಕೊಂಡು, ಕಾಮವೆಂದು ವಿವರಿಸುತ್ತಾರೆ. ವಾಕ್ಯದಲ್ಲಿ ಇಲ್ಲದಿದ್ದ ಇಕ್ಕಟ್ಟು ವಿವರಣೆಯಲ್ಲಿ ಬರುತ್ತದೆ.

ಇದರಿಂದ ಎರಡು ಬಗೆಯ ಕೇಡಾಗುತ್ತದೆ. ಮೊದಲನೆಯದನ್ನು ಮೇಲೆ ಕಂಡೆವು: ಎಳೆಯರು ದೇವರು ಕೊಟ್ಟ ದೇಹವನ್ನೇ ಶತ್ರುವೆಂದು ಎಣಿಸತೊಡಗುತ್ತಾರೆ. ಎರಡನೆಯದು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ದೊಡ್ಡದು. ಶರೀರದಾಶೆಯ ಮೇಲೆ ಎಷ್ಟೇ ಕಠಿಣವಾದ ಪ್ರಸಂಗ ನಡೆದರೂ ಸಭೆಯ ಹಿರಿಯನು ನೆಮ್ಮದಿಯಾಗಿ ಕುಳಿತಿರುತ್ತಾನೆ. ಮಗನ ಮದುವೆಗೆ ವರದಕ್ಷಿಣೆ ಕೇಳಿದವನು, ತಮ್ಮನ ಪಾಲಿನ ನಿವೇಶನವನ್ನು ತನ್ನ ಹೆಸರಿಗೆ ಮಾಡಿಸಿಕೊಂಡವನು, ಆಡಳಿತ ಮಂಡಳಿಯ ಚುನಾವಣೆಗಾಗಿ ಸಭೆಯನ್ನು ಎರಡು ಪಕ್ಷಗಳಾಗಿ ಒಡೆದವನು, ಆ ಮಾತೆಲ್ಲ ಹಿಂದಿನ ಬೆಂಚಿನ ಹುಡುಗರಿಗೆ ಸೇರಿದ್ದೆಂದು ತಿಳಿಯುತ್ತಾನೆ. ಗಲಾತ್ಯ 5ರಲ್ಲಿ ಶರೀರಭಾವದ ಕರ್ಮಗಳ ಪಟ್ಟಿಯನ್ನು ಕೊನೆಯವರೆಗೂ ಓದಿದರೆ ಅವನ ನೆಮ್ಮದಿ ಕೆಡಬೇಕು. ಮೊದಲ ಮೂರುನಾಲ್ಕು ಸಂಗತಿಗಳು ಜಾರತನಕ್ಕೂ ಬಂಡುತನಕ್ಕೂ ಸೇರಿದವು. ಅದಾದ ಮೇಲೆ ವಿಗ್ರಹಾರಾಧನೆಯೂ ಮಾಟವೂ ಬರುತ್ತವೆ. ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಕಕ್ಷಭೇದ, ಭಿನ್ನಮತ ಎಂದು ಮುಂದುವರಿಯುವ ಆ ಸಾಲು ಯಾವುದೇ ಸಭೆಯ ವಾರ್ಷಿಕ ಕೂಟದ ನಡವಳಿಕೆಯನ್ನು ನೆನಪಿಗೆ ತರುವಂತಿದೆ. ಪೌಲನು ‘ಶರೀರಭಾವ’ವೆಂದದ್ದು ಮಾಂಸಖಂಡವನ್ನಲ್ಲ. ದೇವರನ್ನು ಬಿಟ್ಟು ತನ್ನನ್ನೇ ನೆಚ್ಚಿಕೊಂಡ ಇಡೀ ಮನುಷ್ಯನನ್ನು ಅವನು ಆ ಪದದಿಂದ ಕರೆಯುತ್ತಾನೆ. ಆ ಮನುಷ್ಯನಿಗೆ ಎದುರಾಗಿ ಅವನು ನಿಲ್ಲಿಸುವುದು ಬಯಕೆಯಿಲ್ಲದ ಜ್ಞಾನಿಯನ್ನಲ್ಲ, ಅಭಿಲಾಷಿಸುವ ಆತ್ಮನನ್ನು.

1946ರಲ್ಲಿ ಹೊರಬಂದ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆಯು ಗಲಾತ್ಯ 5:17ರಿಂದ ‘ಲಸ್ಟ್’ ಅನ್ನು ತೆಗೆದು, ಶರೀರಭಾವಕ್ಕೂ ಆತ್ಮನಿಗೂ ‘ಡಿಸೈರ್’ ಎಂಬ ಒಂದೇ ಪದವನ್ನು ಹಾಕಿತು. ಅದು ಒಳ್ಳೆಯ ತಿದ್ದುಪಡಿ. ಹಳೆಯ ಭಾಷಾಂತರವನ್ನೇ ಬಳಸುವವರು ‘ಲಸ್ಟ್’ ಎಂದು ಕಂಡಲ್ಲೆಲ್ಲ ಮೂಲದ ಪದವನ್ನೂ ಬಯಸಿದವನು ಯಾರು, ಏನನ್ನು ಬಯಸಿದನು ಎಂಬುದನ್ನೂ ನೋಡಿಕೊಂಡೇ ಮುಂದಕ್ಕೆ ಹೋಗಬೇಕು. ಕನ್ನಡಕ್ಕೆ ಸಂಬಂಧಿಸಿ ನಮ್ಮದೊಂದು ಸೂಚನೆಯಿದೆ. ಮುಂದೆ ನಡೆಯುವ ಪರಿಷ್ಕರಣೆಗಳಲ್ಲಿ ಮತ್ತಾಯ 5:28ರ ಕ್ರಿಯಾಪದಕ್ಕೂ ಲೂಕ 22:15ರ ಕ್ರಿಯಾಪದಕ್ಕೂ ಒಂದೇ ಕನ್ನಡ ಪದವನ್ನು ಇಡಲು ಸಾಧ್ಯವಾಗದಿದ್ದರೆ, ಗ್ರೀಕಿನಲ್ಲಿ ಇವೆರಡೂ ಒಂದೇ ಎಂದು ಅಂಚಿನಲ್ಲಿ ಒಂದು ಟಿಪ್ಪಣಿಯನ್ನಾದರೂ ಹಾಕಬೇಕು. ಪಸ್ಕದ ಮೇಜಿನ ಮುಂದೆ ಕುಳಿತು ಶಿಷ್ಯರಿಗಾಗಿ ಹಾತೊರೆದ ಕರ್ತನ ಬಯಕೆಗೂ, ಕದ್ದು ನೋಡುವವನ ಬಯಕೆಗೂ ಸುವಾರ್ತಿಕರು ಬೇರೆ ಬೇರೆ ಪದಗಳನ್ನು ಹುಡುಕಲು ಹೋಗಲಿಲ್ಲ.